ಬಾಲ್ಕನಿಯ ಹೆಂಗಸರು

ಸಿನಿಮಾ ವ್ಯಾಪಾರದ ಒಳಹೊರಗು ಬಲ್ಲವರು ಬೇಕಾದಷ್ಟು ಜನ ಇರುವಾಗ ಇದನ್ನು ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಯುದ್ಧಕ್ಕೆ ಹೋದ ಮಕ್ಕಳ ದಾರಿ ಕಾಯುತ್ತಿದ್ದ ಮನೆಗಳ ಮಾತು ಬೇರೆ ಇದರಲ್ಲಿ ಬರುತ್ತದೆ. ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಕೊನೆಯವರೆಗೂ ಖಚಿತವಾಗಲಿಲ್ಲ. ತಪ್ಪು ಕಂಡರೆ ತಿಳಿದವರು ಮನ್ನಿಸಬೇಕು.

ಆ ಶನಿವಾರ ಮಧ್ಯಾಹ್ನ ಅಮೆರಿಕದ ಬಫಲೋ ನಗರದ ಮೊಂಟ್‌ಕ್ಲೇರ್ ಚಿತ್ರಮಂದಿರದ ಮ್ಯಾನೇಜರ್ ಹಾರ್ಕ್‌ನೆಸ್ ಬಾಲ್ಕನಿಯ ಮೆಟ್ಟಿಲಿಳಿದು ಬಂದಾಗ ಅವರ ಮುಷ್ಟಿಯಲ್ಲಿ ತಲೆ ಎಣಿಸುವ ಪುಟ್ಟ ಯಂತ್ರವಿತ್ತು. ಅದನ್ನೊಮ್ಮೆ ನೋಡಿದರು, ಆ ಆಟಕ್ಕೆ ಟಿಕೆಟ್ ಯಂತ್ರ ತೋರಿಸಿದ ಅಂಕಿ ಬರೆದುಕೊಂಡಿದ್ದ ಚೀಟಿಯನ್ನೊಮ್ಮೆ ನೋಡಿದರು. ಎರಡಕ್ಕೂ ತಾಳೆಯೇ ಇರಲಿಲ್ಲ.

"ಮೇಲೆ ಕಾಲಿಡೋಕೆ ಜಾಗ ಇಲ್ಲ," ಎಂದರು. "ಕೆಳಗೆ ನೋಡಿದ್ರೆ ಈ ಆಟಕ್ಕೆ ಟಿಕೆಟ್ಟೇ ಹೋಗಿಲ್ಲ. ಇವರೆಲ್ಲ ಚಾವಣಿಯಿಂದ ಇಳಿದು ಬಂದ್ರಾ, ಮಿಸೆಸ್ ಡುಡೆಕ್?"

ಲಿಯೋನಾ ಡುಡೆಕ್ ಅವರ ಕೈಯಿಂದ ಚೀಟಿ ಇಸಿದುಕೊಂಡು ನೋಡಿದಳು. ಗಂಡಸರೆಲ್ಲ ಸೈನ್ಯಕ್ಕೆ ಹೋದ ಮೇಲೆ, ಜನರಿಗೆ ಸೀಟು ತೋರಿಸುವ ಕೆಲಸದಿಂದ ಒಂದೇ ನೆಗೆತಕ್ಕೆ ಸಹಾಯಕ ಮ್ಯಾನೇಜರ್ ಆದವಳು ಅವಳು. ಯಾವಾಗ ಬಾಯಿ ಬಿಡಬೇಕು ಎಂಬುದು ಆ ಕುರ್ಚಿಯಲ್ಲಿ ಕೂತ ದಿನದಿಂದಲೂ ಅವಳಿಗೆ ಸರಿಯಾಗಿ ಹತ್ತಿರಲಿಲ್ಲ.

ಮೊಂಟ್‌ಕ್ಲೇರ್‌ನಲ್ಲಿ ಹೊಸ ಚಿತ್ರ ಬರುತ್ತಿದ್ದದ್ದು ಗುರುವಾರ. ಭಾನುವಾರ ರಾತ್ರಿಯ ಹೊತ್ತಿಗೆ ಗಳಿಕೆ ಕಂಪನಿಯವರು ಹಾಕಿದ ಗೆರೆ ದಾಟಿದರೆ ಚಿತ್ರ ಎರಡನೆಯ ವಾರಕ್ಕೆ ಮುಂದುವರಿಯುತ್ತಿತ್ತು; ದಾಟದಿದ್ದರೆ ಪೆಟ್ಟಿಗೆ ಕಟ್ಟಬೇಕು. ಎರಡನೆಯ ಮಹಾಯುದ್ಧದ ಆ ಚಳಿಗಾಲದಲ್ಲಿ ಗೆರೆ ದಾಟದ ಚಿತ್ರವೇ ಅಪರೂಪ. ಉಕ್ಕಿನ ಕಾರ್ಖಾನೆ, ವಿಮಾನದ ಕಾರ್ಖಾನೆ ಹಗಲೂ ರಾತ್ರಿ ನಡೆಯುತ್ತಿದ್ದವು; ಜನರ ಜೇಬಿನಲ್ಲಿ ಕಾಸಿತ್ತು, ಅಂಗಡಿಗಳಲ್ಲಿ ಕೊಳ್ಳಲು ಸಾಮಾನಿರಲಿಲ್ಲ. ಅಂಥ ಕಾಲದಲ್ಲೂ ಮಕಾಡೆ ಮಲಗಿದ ಚಿತ್ರ ಈ ವಾರದ್ದು. ನಾವಿಕರು ಹಡಗಿನ ಮೇಲೆ ಕುಣಿಯುವ ಚಿತ್ರ. ಕ್ಲೀವ್‌ಲ್ಯಾಂಡಿನಲ್ಲಿ ಬಿದ್ದಿತ್ತು, ರೋಚೆಸ್ಟರಿನಲ್ಲೂ ಬಿದ್ದಿತ್ತು.

ಒಂದು ಟಿಕೆಟ್ ಕೊಂಡವರು ದಿನವಿಡೀ ಒಳಗೇ ಕೂರಬಹುದಿತ್ತು. ಆಟದಿಂದ ಆಟಕ್ಕೆ ಯಾರನ್ನೂ ಎಬ್ಬಿಸುವ ಪದ್ಧತಿ ಇರಲಿಲ್ಲ. ಹಾರ್ಕ್‌ನೆಸ್ ಅದನ್ನು ಯೋಚಿಸದವರಲ್ಲ. ಯೋಚಿಸಿ ತಳ್ಳಿಹಾಕಿದ್ದರು. "ಈ ಸಿನಿಮಾನ ಒಂದು ಸಲ ಪೂರ್ತಿ ನೋಡೋರೇ ಇಲ್ಲ, ಎರಡನೇ ಸಲ ಕೂರೋ ಪುಣ್ಯಾತ್ಮರು ಯಾರಿದಾರೆ?" ಎಂದರು. ಹಾಗಾದರೆ ಉಳಿದದ್ದು ಒಂದೇ. ಬಾಗಿಲಲ್ಲಿ ನಿಂತವನು ಟಿಕೆಟ್ ಹರಿಯದೆ ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಕೌಂಟರಿಗೆ ಮರಳಿಸುವುದು, ಕೌಂಟರಿನವಳು ಅದನ್ನೇ ಮತ್ತೊಮ್ಮೆ ಮಾರುವುದು. ಆ ದಂಧೆಯಲ್ಲಿ ಬಹಳ ಹಳೆಯ ಕೈಚಳಕ ಅದು. ಕೌಂಟರಿನ ಗಾಜಿನ ಗೂಡಿನಲ್ಲಿ ಇದ್ದವಳು ಮೇ ಟಿಯರ್ನಿ. ಮೂಕಿ ಚಿತ್ರಗಳ ಕಾಲದಿಂದಲೂ ಇದ್ದವಳು. ಬಾಗಿಲಲ್ಲಿ ನಿಂತವನು ಅವಳ ಮೈದುನ ಕ್ಲೆಮ್. ಹುಡುಗರು ಸಿಗದ ಹೊತ್ತಿನಲ್ಲಿ ಅವಳೇ ಮಾತಾಡಿ ಸೇರಿಸಿದ್ದಳು. ಸೋಮವಾರ ಇಬ್ಬರ ಲೆಕ್ಕವನ್ನೂ ಚುಕ್ತಾ ಮಾಡಿ ಕಳಿಸುವುದೆಂದು ಹಾರ್ಕ್‌ನೆಸ್ ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಮೇಯ ಮೇಲೆ ಒಂದು ಕಣ್ಣಿಟ್ಟಿರಬೇಕೆಂದು ಲಿಯೋನಾಳಿಗೆ ಹೇಳಿದರು.

ಬಾಲ್ಕನಿ ಯಾಕೆ ತುಂಬಿದೆಯೆಂದು ಲಿಯೋನಾಳಿಗೆ ಗೊತ್ತಿತ್ತು.

ಗುರುವಾರ ಅವಳ ಅತ್ತೆ ಅಪೊಲೋನಿಯಾ ಸಂತೆಗೆಂದು ಬಂದವಳು, ಊರಂಚಿನ ಸರೋವರದಿಂದ ಬೀಸುವ ಚಳಿಗಾಳಿಗೆ ಹೆದರಿ ಅಗ್ಗದ ಬಾಲ್ಕನಿಗೆ ಟಿಕೆಟ್ ಕೊಂಡು ಕೂತಿದ್ದಳು. ದೊಡ್ಡ ಚಿತ್ರಕ್ಕೆ ಮೊದಲು ತೋರಿಸುವ ವಾರ್ತಾಚಿತ್ರದಲ್ಲಿ ಇಟಲಿಯ ಕೆಸರುದಾರಿ ಬಂತು. ಹೇಸರಗತ್ತೆಗಳ ಹಿಂದೆ ಸಾಲಾಗಿ ನಡೆಯುವ ಸಿಪಾಯಿಗಳು. ಅವರಲ್ಲೊಬ್ಬ ತಿರುಗಿ ನೋಡಿ, ತೋಳಿನಿಂದ ಮುಖ ಒರೆಸಿಕೊಂಡು, ಮುಂದೆ ಹೋದ. ಅಷ್ಟೇ. ಅಪೊಲೋನಿಯಾ ಎದ್ದು ನಿಂತು ಮಗನ ಹೆಸರು ಹಿಡಿದು ಕೂಗಿದಳಂತೆ. ಬ್ರೊನೆಕ್, ಲಿಯೋನಾಳ ಗಂಡ, ಇಟಲಿಯಲ್ಲಿ ಕಾಣೆಯಾಗಿದ್ದಾನೆಂದು ತಂತಿ ಬಂದದ್ದು ಎಲೆ ಉದುರುವ ಕಾಲದಲ್ಲಿ. ಆಮೇಲೆ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ತಂತಿಯ ಮಾತೆತ್ತಿರಲಿಲ್ಲ.

ಮಾರನೆಯ ದಿನ ಬೆಳಗಿನ ಪೂಜೆ ಮುಗಿಯುವಷ್ಟರಲ್ಲಿ ಸುದ್ದಿ ಚರ್ಚಿನ ಅಂಗಳ ದಾಟಿತ್ತು. ಮಿಸೆಸ್ ಪಾಹೊಲ್ಸ್ಕಾ ಬಂದು ನೋಡಿ, ಅವನು ನನ್ನ ಮಗ ಎಜ್ಯೊ ಎಂದಳು. ರೊಟ್ಟಿ ಅಂಗಡಿಯವಳು ತನ್ನ ತಮ್ಮ ಎಂದಳು. ಆ ಶುಕ್ರವಾರ ಬಾಲ್ಕನಿಯಲ್ಲೇ ಜಗಳವಾಯಿತು. ಅಪೊಲೋನಿಯಾ ಬ್ರೊನೆಕ್‌ಗೆ ತೋಳಿನಲ್ಲಿ ಮುಖ ಒರೆಸುವ ಚಾಳಿಗಾಗಿ ತಾನೇ ಹೊಡೆದದ್ದುಂಟೆಂದು ಸಾಕ್ಷಿ ಹೇಳಿದಳು, ಪಾಹೊಲ್ಸ್ಕಾಳೂ ತನ್ನ ಮಗನಿಗೆ ಅದೇ ಕಾರಣಕ್ಕೆ ಹೊಡೆದಿದ್ದಳು. ಶನಿವಾರ ಜಗಳ ನಿಂತಿತು. ನಿನ್ನವನೆಂದರೆ ನಿನ್ನವನು, ನನ್ನವನೆಂದರೆ ನನ್ನವನು ಎಂಬಂತೆ ಒಂದೇ ಸಾಲಿನಲ್ಲಿ ಕೂತರು. ಆಮೇಲೆ ಬಂದವರು ಯಾರನ್ನೂ ಹೆಸರಿಸಲಿಲ್ಲ. ತಮ್ಮವರೂ ಯಾರಾದರೂ ಕಂಡಾರೆಂದು ಬಂದರು. ನಾವಿಕರು ಕುಣಿಯುವಾಗ ಹೆಂಗಸರು ನೂಲು ಹೆಣೆದರು, ಜಪಸರ ತಿರುಗಿಸಿದರು, ಕಾಗದದ ಪೊಟ್ಟಣ ಬಿಚ್ಚಿ ರೊಟ್ಟಿ ತಿಂದರು. ಬಾಲ್ಕನಿಯೆಲ್ಲ ಉಪ್ಪುನೀರಿನಲ್ಲಿ ನೆನೆಹಾಕಿದ ಸೌತೆಕಾಯಿಯ ವಾಸನೆ ಎಂದು ಸೀಟು ತೋರಿಸುವ ಹುಡುಗಿಯರು ದೂರಿದರು. ವಾರ್ತಾಚಿತ್ರ ಸುರುವಾದರೆ ಮಾತ್ರ ಒಬ್ಬರ ಉಸಿರೂ ಕೇಳುತ್ತಿರಲಿಲ್ಲ.

ಇದನ್ನು ಹೇಳಿದರೆ ಮ್ಯಾನೇಜರ್ ಮಾಡುವುದು ಒಂದೇ: ಪ್ರತಿ ಆಟದ ಕೊನೆಗೆ ದೀಪ ಹಾಕಿ ಎಲ್ಲರನ್ನೂ ಹೊರಗೆ ಕಳಿಸುವುದು. ಅತ್ತೆಯನ್ನು ಎಬ್ಬಿಸಬೇಕಾದವಳು ತಾನೇ. ಹೇಳದಿದ್ದರೆ ಸೋಮವಾರ ಮೇ ಕಳ್ಳಿಯ ಹೆಸರು ಹೊತ್ತು ಹೊರಗೆ. ಲಿಯೋನಾ ಆಫೀಸಿಗೂ ಮೆಟ್ಟಿಲಿಗೂ ನಡುವೆ ಸುಮ್ಮನೆ ತಿರುಗಾಡಿದಳು. ಇನ್ನೊಂದು ಆಟ ಮುಗಿಯಲಿ, ಹೇಳುತ್ತೇನೆ ಎಂದುಕೊಂಡಳು. ಆಟ ಮುಗಿಯಿತು.

ಅವಳಿಗೆ ಇನ್ನೂ ದೊಡ್ಡದೊಂದು ಗೊಂದಲವಿತ್ತು. ಕೊನೆಯ ಸಾಲಿನ ಹಿಂದೆ ನಿಂತು ಅವಳೂ ಆ ಸಿಪಾಯಿಯನ್ನು ಪ್ರತಿ ಆಟದಲ್ಲೂ ನೋಡಿದ್ದಳು. ಒಮ್ಮೆ ಅವನೇ ಅನಿಸುತ್ತಿತ್ತು. ಮತ್ತೊಮ್ಮೆ ಯಾರೋ ಪರಕೀಯ. ಮದುವೆಯಾಗಿ ಒಂದೇ ಬೇಸಿಗೆ ಕೂಡಿ ಬಾಳಿದ್ದರು. ಅವನು ತಿರುಗಿ ನೋಡುವಾಗ ಕತ್ತು ಹೇಗೆ ಬಾಗುತ್ತಿತ್ತೆಂದು ನೆನೆಯಲು ಹೋದರೆ ಈಗ ತೆರೆಯ ಮೇಲಿನವನ ಕತ್ತೇ ನೆನಪಾಗುತ್ತಿತ್ತು. ಅವನೇ ಆಗಿದ್ದರೂ ಆ ಚಿತ್ರ ತೆಗೆದದ್ದು ಯಾವಾಗ? ತಂತಿ ಬರುವ ಮೊದಲೋ, ಆಮೇಲೋ? ವಾರ್ತಾಚಿತ್ರದವರು ತಾರೀಖು ಹಾಕಿರಲಿಲ್ಲ.

ಸಂಜೆ ಕಾಫಿ ಕೊಡಲು ಗಾಜಿನ ಗೂಡಿಗೆ ಹೋದಾಗ ಮೇ ಹಣ ಜೋಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ನಿಂಗೂ ನನ್ನ ಕಾಯೋಕೆ ಹೇಳಿರಬೇಕು ಅವರು."

ಲಿಯೋನಾ ಬಟ್ಟಲನ್ನು ಕಿಂಡಿಯ ಪಕ್ಕ ಇಟ್ಟಳು.

"ಬೈದಿದ್ರೆ ಬೈಸ್ಕೋತಿದ್ದೆ," ಎಂದಳು ಮೇ. "ಇವತ್ತು ಮಾತಾಡೋವಾಗ ಅವರು ನನ್ನ ಮುಖ ನೋಡ್ಲಿಲ್ಲ ಕಣೇ. ಕೈ ನೋಡಿದ್ರು."

ಲಿಯೋನಾ ಅಲ್ಲಿಂದ ನೇರ ಆಫೀಸಿಗೆ ಹೋದಳು. ಹೇಳಬೇಕೆಂದಿದ್ದ ಮಾತು ಹಿಂದುಮುಂದಾಗಿ ಹೊರಬಂತು. ಸೌತೆಕಾಯಿಯಿಂದ ಸುರುವಾಗಿ ಅತ್ತೆಯಲ್ಲಿ ಮುಗಿಯಿತು. ಹಾರ್ಕ್‌ನೆಸ್ ನಂಬಿದಂತೆ ಕಾಣಲಿಲ್ಲ. ಎದ್ದು ಬಾಲ್ಕನಿಗೆ ನಡೆದರು, ಅವಳು ಹಿಂದೆ ಹೋದಳು. ವಾರ್ತಾಚಿತ್ರ ಬರುವವರೆಗೂ ಇಬ್ಬರೂ ಗೋಡೆಗೆ ಒರಗಿ ನಿಂತರು. ಕೆಸರುದಾರಿ ಬಂತು. ಮುಂದಿನ ಸಾಲುಗಳಲ್ಲಿ ಹೆಣಿಗೆ ನಿಂತಿತು.

"ಇವನಾ?"

"ಹೂಂ ಸಾರ್."

"ನಿಮ್ಮ ಯಜಮಾನ್ರಾ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ? ಕಟ್ಕೊಂಡ ಹೆಂಡತಿ ನೀವು."

"ಅದೇ ಸಾರ್. ನಂಗೇ ಗೊತ್ತಾಗ್ತಿಲ್ಲ."

ಹಾರ್ಕ್‌ನೆಸ್ ಮೆಟ್ಟಿಲಿನ ಕಡೆ ತಿರುಗಿದರು. ಕೆಳಗಿಳಿದು ಗಾಜಿನ ಗೂಡಿನ ಮುಂದೆ ಟೋಪಿ ತೆಗೆದು ನಿಂತರು. ಏನು ಹೇಳಿದರೋ ಯಾರಿಗೂ ಕೇಳಿಸಲಿಲ್ಲ. ಮೇ ಮಾತ್ರ ಜೋರಾಗಿಯೇ, ಚಳಿ ಒಳಗೆ ಬರ್ತಿದೆ, ಕಿಂಡಿಯಿಂದ ಸ್ವಲ್ಪ ಆಚೆ ನಿಲ್ಲಿ ಎಂದಳು. ಆಮೇಲೆ ಅವರು ಲಿಯೋನಾ ಎಣಿಸಿದ್ದ ಅಪ್ಪಣೆಯನ್ನೇ ಕೊಟ್ಟರು. ನಾಳೆಯಿಂದ ಆಟ ಮುಗಿದ ಕೂಡಲೇ ದೀಪ. ಮತ್ತೆ ನೋಡುವವರು ಮತ್ತೆ ಟಿಕೆಟ್ ಕೊಳ್ಳಬೇಕು.

ಭಾನುವಾರ ಮೊದಲ ಆಟದ ಕೊನೆಗೆ ದೀಪ ಹತ್ತಿದಾಗ ಲಿಯೋನಾ ಸಾಲುಸಾಲಾಗಿ ಹೋಗಿ, ದಯವಿಟ್ಟು ಏಳಿ ಎಂದಳು. ಅಪೊಲೋನಿಯಾ ಸೊಸೆಯ ಮುಖ ನೋಡಿದಳು. ನೂಲಿನ ಉಂಡೆಯನ್ನು ಚೀಲಕ್ಕೆ ತುರುಕಿ, ಒಂದೊಂದೇ ಮೆಟ್ಟಿಲಿಳಿದು ಹೊರಟಳು. ಲಿಯೋನಾ ಅವಳ ಹಿಂದೆಯೇ ಓಡಿ, ತನ್ನ ಪಾಲಿನ ಪುಕ್ಕಟೆ ಪಾಸನ್ನು ಮೆಲ್ಲಗೆ ಅವಳ ಕೈಗೆ ಹಿಡಿಸಲು ನೋಡಿದಳು.

"ಬೇಡ ಮಗಳೇ," ಎಂದಳು ಅತ್ತೆ. "ಮಗನ್ನ ನೋಡೋಕೆ ಧರ್ಮದ ಚೀಟಿ ಯಾಕೆ?"

ಹೊರಗೆ ಹಿಮ ಬೀಳುತ್ತಿತ್ತು. ಹೆಂಗಸರು ಮನೆಗೆ ಹೋಗಲಿಲ್ಲ. ಶಾಲನ್ನು ತಲೆಯ ಮೇಲೆಳೆದುಕೊಂಡು ಮೇಯ ಕಿಂಡಿಯ ಮುಂದೆ ಸಾಲು ನಿಂತರು. ಸಾಲು ಔಷಧಿ ಅಂಗಡಿಯ ಮೂಲೆ ತಿರುಗಿತು. ಆಗ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಆ ದಿನಗಳಲ್ಲಿ ಜನರಿಗೆ ಸಾಲು ಕಂಡರೆ ಸಾಕು, ಮೊದಲು ನಿಲ್ಲುವುದು, ಆಮೇಲೆ ಏನು ಸಿಗುತ್ತದೆಂದು ಕೇಳುವುದು. ಬೆಣ್ಣೆಯೋ ಕಾಲುಚೀಲವೋ, ಮೊದಲು ಕೇಳುತ್ತ ನಿಂತವರಿಗೆ ದಕ್ಕುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಮುಖ್ಯ ಬೀದಿಗೆ ಬಂದವರು ಈ ಸಾಲಿನ ಬಾಲ ಹಿಡಿದರು. ಕಾರ್ಖಾನೆಯ ಪಾಳಿ ಬಿಟ್ಟ ಹುಡುಗಿಯರು ಊಟದ ಡಬ್ಬಿ ಸಮೇತ ನಿಂತರು. ಯಾರೋ ಹಿಂದಿನಿಂದ, ಏನು ಕೊಡ್ತಿದಾರೆ ಎಂದು ಕೇಳಿದ. ಸಿನಿಮಾವಂತೆ ಎಂದರು. ಚೆನ್ನಾಗಿದೆಯಾ ಎಂದ. ಇಷ್ಟು ಜನ ನಿಂತಿದಾರಲ್ಲ, ಕಣ್ಣಿಲ್ವೇನಯ್ಯಾ ಎಂದಳು ಒಬ್ಬಳು.

ರಾತ್ರಿಯ ಕೊನೆಯ ಆಟಕ್ಕೆ ಮುಂಚೆಯೇ ಗಳಿಕೆ ಗೆರೆ ದಾಟಿತು. ಹಾರ್ಕ್‌ನೆಸ್ ಸಿನಿಮಾ ವ್ಯಾಪಾರದ ಪತ್ರಿಕೆಯ ವರದಿಗಾರನಿಗೆ ಫೋನು ಮಾಡಿ, ಬಫಲೋ ಜನಕ್ಕೆ ಈ ಚಿತ್ರದ ಹಾಡುಗಳು ಹಿಡಿಸಿವೆ, ಎರಡನೆಯ ವಾರಕ್ಕೆ ಮುಂದುವರಿಯುತ್ತದೆ ಎಂದು ಹೇಳಿದರು. ಹೇಳುತ್ತ ಹೇಳುತ್ತ ಅವರೇ ಅದನ್ನು ನಂಬಿದಂತೆ ಲಿಯೋನಾಳಿಗೆ ಕಂಡಿತು. ಸಾರ್, ಅವರು ಬಂದದ್ದು ಹಾಡಿಗಲ್ಲ ಎಂದಳು. ಹಾಗಾದರೆ ಆ ಕಾರ್ಖಾನೆಯ ಹುಡುಗಿಯರು ಯಾವುದಕ್ಕೆ ಬಂದರು, ನಕ್ಕರಲ್ಲ, ಚಪ್ಪಾಳೆ ಹೊಡೆದರಲ್ಲ ಎಂದು ಅವರು ಕೇಳಿದರು. ಹುಡುಗಿಯರು ನಕ್ಕದ್ದು ನಿಜ.

ಓಡುವ ಕಾರ್ಯಕ್ರಮವನ್ನು ಮುಟ್ಟಬಾರದೆಂಬುದು ಹಾರ್ಕ್‌ನೆಸ್ ಪಾಲಿಸಿಕೊಂಡು ಬಂದ ನಂಬಿಕೆ. ಒಂದು ಚಿತ್ರ ಎರಡನೆಯ ವಾರಕ್ಕೆ ಹೋದರೆ ಅದರ ಜೊತೆಗಿದ್ದ ಕಾರ್ಟೂನನ್ನೂ ಬದಲಿಸುತ್ತಿರಲಿಲ್ಲ, ಪರದೆ ಎಳೆಯುವವನನ್ನೂ ಬದಲಿಸುತ್ತಿರಲಿಲ್ಲ. ಹೊಸ ವಾರ್ತಾಚಿತ್ರ ಬುಧವಾರ ಬಂದು ಪೆಟ್ಟಿಗೆಯಲ್ಲೇ ಕೂತಿತು. ಹಳೆಯ ಸುರುಳಿಯೇ ಓಡಿತು.

ಅತ್ತೆ ದಿನವೂ ಬಂದಳು. ಮನೆಯಲ್ಲಿ ಈಗ ಅವಳು ಬ್ರೊನೆಕ್‌ನ ಹೆಸರು ಹಿಡಿದು ಮಾತಾಡುತ್ತಿದ್ದಳು. ಅವನು ಬಡವಾಗಿದ್ದಾನೆ, ಕೋಟಿನ ಗುಂಡಿ ಹೋಗಿದೆ ಎನ್ನುತ್ತಿದ್ದಳು. ಲಿಯೋನಾ ಹೂಂ ಎನ್ನುತ್ತಿದ್ದಳು. ಹೌದೆನ್ನುವುದು ಸುಳ್ಳೋ, ಅಲ್ಲವೆನ್ನುವುದು ಸುಳ್ಳೋ ಅವಳಿಗೆ ತಿಳಿಯುತ್ತಿರಲಿಲ್ಲ.

ಎರಡನೆಯ ವಾರದ ಕೊನೆಯ ಮಧ್ಯಾಹ್ನ, ಹಿಂದೆ ನಿಂತಿದ್ದವಳು ಯಾಕೋ ಇಳಿದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. ಪಾಹೊಲ್ಸ್ಕಾ ತೊಡೆಯ ಮೇಲಿನ ಪೊಟ್ಟಣ ಸರಿಸಿ ಜಾಗ ಮಾಡಿಕೊಟ್ಟಳು. ಅಷ್ಟು ಸಲ ಓಡಿ ಓಡಿ ಸುರುಳಿ ತರಚಿಹೋಗಿತ್ತು. ಇಟಲಿಯ ದಾರಿಯ ಮೇಲೆ ಬಿಳಿಯ ಗೀರುಗಳು ಮೇಲಿನಿಂದ ಕೆಳಕ್ಕೆ ಸುರಿಯುತ್ತಿದ್ದವು, ಹೇಸರಗತ್ತೆಗಳು ಅವುಗಳೊಳಗೆ ನಡೆಯುತ್ತಿದ್ದವು. ಸಿಪಾಯಿ ತಿರುಗಿದ. ಮುಖವಿದ್ದಲ್ಲಿ ಗೀರುಗಳೇ ಇದ್ದವು. ತೋಳು ಮಾತ್ರ ಎದ್ದು, ಒರೆಸಿ, ಇಳಿಯಿತು. ಸಾಲಿನ ಹೆಂಗಸರೆಲ್ಲ ಎಂದಿನಂತೆ ಮುಂದಕ್ಕೆ ಬಾಗಿದರು. ಲಿಯೋನಾಳೂ ಬಾಗಿದಳು.

ಮಾರನೆಯ ದಿನ ಆ ಸುರುಳಿ ಚಿತ್ರ ಹಂಚುವ ಕಂಪನಿಯ ಡಿಪೋಗೆ ಹೋಯಿತು. ಅಲ್ಲಿಂದ ಯಾವ ಊರಿಗೆ ಹೋಯಿತೋ. ಬ್ರೊನೆಕ್ ಡುಡೆಕ್‌ನ ಬಗ್ಗೆ ಸೈನ್ಯದಿಂದ ಮತ್ತೆ ಯಾವ ಸುದ್ದಿಯೂ ಬರಲಿಲ್ಲ. ದಾರಿಯಲ್ಲಿ ತಿರುಗಿ ನೋಡಿದವನು ಯಾರೆಂಬುದು ತಿಳಿಯದು. ಆ ಭಾನುವಾರ ಅಷ್ಟು ಜನ ಏನನ್ನು ನೋಡಲು ಬಂದರೆಂಬುದೂ ತಿಳಿಯದು.