ಎಲ್ಲರ ಕಾಲೂ ಎದ್ದ ಸಂಜೆ

ನಮ್ಮ ಗ್ರೂನ್‌ಡೇಲಿನಲ್ಲಿ ಹುಡುಗಿಯರ ಸಾಫ್ಟ್‌ಬಾಲಿಗೆ ಅಂಪೈರ್ ಆಗಲು ಬೇಕಾದ ಅರ್ಹತೆ ಒಂದೇ. ಸಂಜೆ ಐದೂವರೆಗೆ ಅಂಗಡಿ ಬಿಟ್ಟು ಹೋಗಲು ಹೆಂಡತಿ ಒಪ್ಪಬೇಕು. ನನ್ನ ಹೆಂಡತಿ ಲೋರಿನ್ ಇಪ್ಪತ್ತಾರು ವರ್ಷದ ಹಿಂದೆ ಅನುಮಾನ ಬರುವಷ್ಟು ಬೇಗ ಒಪ್ಪಿಬಿಟ್ಟಳು. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ, ಹಾರ್ಡ್‌ವೇರ್ ಅಂಗಡಿಯ ವೆಂಡೆಲ್ ಕ್ರೌಸೆ ಎಂಬ ನಾನು, ಮುಖಕ್ಕೆ ಜಾಲರಿ ಕಟ್ಟಿಕೊಂಡು ಬ್ಯಾಟು ಹಿಡಿದವಳ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಬೈಸಿಕೊಳ್ಳುತ್ತಿದ್ದೇನೆ. ಬೇಸುಗಳ ಹತ್ತಿರ ನಿಂತು ಬೈಸಿಕೊಳ್ಳುವವನು ಹಂದಿ ಸಾಕುವ ಆರ್ಲೋ ವಿಂಕೆ.

ನಿಯಮ ಬಹಳ ಸರಳ. ಪಿಚರ್ ಹುಡುಗಿ ತೋಳನ್ನು ಗಿರ್ರನೆ ಸುತ್ತಿಸಿ ಕೆಳಗಿನಿಂದ ಚೆಂಡು ಎಸೆಯುವಾಗ ಅವಳ ಹಿಂದಿನ ಕಾಲು ನೆಲ ಬಿಡಬಾರದು; ಕಾಲ್ಬೆರಳ ತುದಿ ಮಣ್ಣನ್ನು ಕೆರೆಯುತ್ತಲೇ ಬರಬೇಕು. ಕುಪ್ಪಳಿಸಿದರೆ ಎಸೆತ ಅಕ್ರಮ. ನಾನು ಎಡಗೈ ಮುಷ್ಟಿ ಕಟ್ಟಿ ಪಕ್ಕಕ್ಕೆ ಚಾಚಬೇಕು, ಬ್ಯಾಟಿನವಳಿಗೆ ಒಂದು ಕೆಟ್ಟ ಎಸೆತ ಲೆಕ್ಕಕ್ಕೆ ಸಿಗುತ್ತದೆ. ಅಂಥ ನಾಲ್ಕಾದರೆ ಅವಳು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆಯುತ್ತಾಳೆ. ಮೂರೂ ಬೇಸುಗಳಲ್ಲಿ ಹುಡುಗಿಯರು ತುಂಬಿದ್ದರೆ ಮುಂದಿದ್ದವಳು ಮನೆಗೆ, ಅಂದರೆ ಬ್ಯಾಟು ಬೀಸುವ ಜಾಗಕ್ಕೆ, ಬಂದು ರನ್ನಾಗುತ್ತದೆ.

ಇಷ್ಟು ಸರಳವಾದದ್ದನ್ನು ನಾವು ಪಾಲಿಸುತ್ತಿರಲಿಲ್ಲ. ಎಲ್ಲ ಹುಡುಗಿಯರೂ ಕುಪ್ಪಳಿಸುತ್ತಿದ್ದರು, ಎಲ್ಲ ಅಂಪೈರುಗಳೂ ಆಕಾಶ ನೋಡುತ್ತಿದ್ದೆವು. ಯಾವನಾದರೂ ಕೋಚ್ ಕತ್ತಿನ ನರ ಉಬ್ಬುವ ಹಾಗೆ ಕೂಗಾಡತೊಡಗಿದರೆ ಅವನ ಬಾಯಿ ಮುಚ್ಚಿಸಲು ಎದುರು ತಂಡದ ಮೇಲೆ ಒಮ್ಮೆ ‘ಅಕ್ರಮ’ ಎನ್ನುವುದು. ಇದಕ್ಕೆ ನಾವು ಅಂಪೈರುಗಳು ನಮ್ಮೊಳಗೇ ಸಮಾಧಾನದ ಕರೆ ಎಂದು ಹೆಸರಿಟ್ಟಿದ್ದೆವು. ಪುಸ್ತಕದಲ್ಲಿ ಅದಿಲ್ಲ. ಆದರೆ ಪುಸ್ತಕ ಬರೆದವರು ಮೆರ್ಲ್ ಡೈಕ್‌ಸ್ಟ್ರಾನ ಗಂಟಲನ್ನು ಕೇಳಿಲ್ಲ.

ಮೆರ್ಲ್ ನಮ್ಮ ಊರಿನ ತಂಡದ ಕೋಚ್, ನನ್ನ ಹೆಂಡತಿಯ ಅಣ್ಣ. ಅವನ ಮಗಳು ಬ್ರಿಟಾ ಆ ತಂಡದ ಪಿಚರ್. ಸಂಬಂಧಿಕರ ಆಟಕ್ಕೆ ಅಂಪೈರ್ ಆಗಬಾರದು ಎನ್ನುವವರು ಒಮ್ಮೆ ನಮ್ಮ ಅಯೋವಾ ರಾಜ್ಯಕ್ಕೆ ಬಂದು ಸಂಬಂಧಿಕನಲ್ಲದ ಅಂಪೈರನ್ನು ಹುಡುಕಿ ತೋರಿಸಲಿ.

ಜೂನ್ ಕೊನೆಯಲ್ಲಿ ಪಕ್ಕದೂರು ಲಾರ್ಚ್ ಹಿಲ್‌ನ ತಂಡದ ಜೊತೆ ಆಟವಿತ್ತು. ಕೊನೆಯ ಸರದಿ, ಎರಡೂ ಕಡೆ ಸಮ, ಬೇಸುಗಳು ತುಂಬಿದ್ದವು, ಮೂರು ಕೆಟ್ಟ ಎಸೆತ ಆಗಿತ್ತು. ಎಸೆಯುತ್ತಿದ್ದವಳು ಅವರ ತಂಡದ ಹೆಡಿ ಬ್ರಾಕ್ ಎಂಬ ಹನ್ನೆರಡು ವರ್ಷದ ಕಡ್ಡಿಯಂಥ ಹುಡುಗಿ. ಮೆರ್ಲ್ ಅರ್ಧ ಗಂಟೆಯಿಂದ ಅವಳು ಕುಪ್ಪಳಿಸುತ್ತಿದ್ದಾಳೆಂದು ಕಿರುಚುತ್ತಿದ್ದ. ಬಿಸಿಲಿಗೆ ನನ್ನ ತಲೆ ಕಾದಿತ್ತು. ಅವಳು ಎಸೆದಳು, ನಾನು ಕೈ ಚಾಚಿದೆ. ನಮ್ಮೂರಿಗೆ ಪುಕ್ಕಟೆ ರನ್ನು ಸಿಕ್ಕಿ ಆಟ ಮುಗಿಯಿತು. ನಮ್ಮೂರ ಮಕ್ಕಳೆಲ್ಲ ಬೇಲಿಗೆ ಅಂಟಿಕೊಂಡು ಅವಳನ್ನು ನೋಡಿ ಕಪ್ಪೆಯ ಹಾಗೆ ವಟಗುಟ್ಟಿದರು. ಆಮೇಲೆ ಅದೇ ಅವಳ ಹೆಸರಾಯಿತು. ಲಾರ್ಚ್ ಹಿಲ್‌ನ ಶಾಲೆಯಲ್ಲೂ ಅವಳನ್ನು ಕಪ್ಪೆ ಎನ್ನುತ್ತಾರೆಂದು ಆರ್ಲೋ ಹೇಳಿದ. ನಾನು ಕೇಳಿಸದವನಂತೆ ಇದ್ದೆ.

ವಾರದ ನಂತರ ಹೆಡಿ ನನ್ನ ಅಂಗಡಿಗೇ ಬಂದಳು. ಅವಳಮ್ಮ ಹೊರಗೆ ಗಾಡಿಯಲ್ಲಿದ್ದಳು. ಹುಡುಗಿ ಬಲಗಾಲಿನ ಶೂ ಒಂದನ್ನು ತಂದು ಮೊಳೆ ತೂಗುವ ತಕ್ಕಡಿಯ ಪಕ್ಕ ಇಟ್ಟಳು. ಶೂವಿನ ತುದಿ ಪೂರ್ತಿ ಸವೆದು, ಒಳಗಿನ ಬಟ್ಟೆಯೂ ಹರಿದು, ತೂತಿನಿಂದ ನನ್ನ ಹೆಬ್ಬೆರಳು ಹೊರಗೆ ಬರುವಂತಿತ್ತು.

“ನನ್ನ ಕಾಲು ಗಾಳೀಲಿತ್ತು ಅಂದ್ರಲ್ಲ ಸರ್, ಹಾಗಾದ್ರೆ ಇದು ಹೇಗೆ ಸವೀತು? ಗಾಳಿಗೆ ಉಜ್ಜಿ ಸವೀತಾ?”

ಪಿಚರ್ ಹುಡುಗಿಯರು ಶೂ ತುದಿ ಸವೆಯದಂತೆ ಬಳಿಯುವ ಅಂಟು ನನ್ನ ಅಂಗಡಿಯಲ್ಲೇ ಸಿಗುತ್ತದೆ; ಹೆಡಿ ಆ ಅಂಟನ್ನೇ ಕೇಳಿದಳು. ಡಬ್ಬಿ ಕೊಡುವಾಗ ನನಗೊಂದು ವಿಷಯ ಹೊಳೆಯಿತು. ನಮ್ಮ ಬ್ರಿಟಾ ಮೂರು ವರ್ಷದಿಂದ ಎಸೆಯುತ್ತಿದ್ದಾಳೆ, ಒಂದು ಡಬ್ಬಿ ಅಂಟನ್ನೂ ಒಯ್ದಿಲ್ಲ. ಅವಳ ಶೂಗಳು ಮದುವೆಗೆ ಹಾಕಿಕೊಂಡು ಹೋಗುವಷ್ಟು ಹೊಳೆಯುತ್ತಿರುತ್ತವೆ.

ಅಂದು ರಾತ್ರಿ ಊಟದ ಹೊತ್ತಿಗೆ ನಾನು ನಿರ್ಧಾರ ಮಾಡಿಬಿಟ್ಟೆ. ಜುಲೈಯಲ್ಲಿ ಅದೇ ಲಾರ್ಚ್ ಹಿಲ್ ಜೊತೆ ಮರು ಆಟವಿತ್ತು. ಅವತ್ತು ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ, ಯಾರ ಕಾಲು ಎದ್ದರೂ ‘ಅಕ್ರಮ’ ಎಂದು ಕರೆಯುವುದು. ಆ ಹುಡುಗಿಯ ಮುಖ ನೋಡಿ ಮಾತಾಡಲು ನನಗೆ ಬೇರೆ ದಾರಿ ಇರಲಿಲ್ಲ. ಲೋರಿನ್ ಒಂದೇ ಮಾತು ಕೇಳಿದಳು, ಕ್ರಿಸ್ಮಸ್‌ಗೆ ಅಣ್ಣನ ಮನೆಗೆ ಹೋಗುವುದು ಬೇಡವಾ ಎಂದು. ಆರ್ಲೋಗೆ ಹೇಳಿದಾಗ ಅವನು ಹಂದಿಮೇವಿನ ಬಕೆಟ್ಟು ಕೆಳಗಿಟ್ಟ.

“ಎಲ್ಲಾನೂ ಕರೀತೀಯಾ? ಹುಚ್ಚು ಹಿಡೀತಾ ಮಾರಾಯ ನಿಂಗೆ? ಒಂದು ಕರೆದ್ರೆ ಅಂಪೈರು, ಎಲ್ಲಾ ಕರೆದ್ರೆ ಶತ್ರು.”

ಆದರೂ ಬಂದ. ಹಂದಿಗಳಿಗಿಂತ ನಾನು ವಾಸಿ ಎಂದು ಅವನ ಲೆಕ್ಕ.

ಆಟದ ಸಂಜೆ ಇಬ್ಬರೂ ಕೋಚುಗಳನ್ನು ಕರೆದು ವಿಷಯ ತಿಳಿಸಿದೆ. ಲಾರ್ಚ್ ಹಿಲ್‌ನ ಕೋಚಮ್ಮ ತಲೆಯಾಡಿಸಿದಳು. ಮೆರ್ಲ್ ನನ್ನ ಭುಜ ತಟ್ಟಿ ನಕ್ಕ. ನಾನು ಕಪ್ಪೆ ಹುಡುಗಿಗೆ ಬಲೆ ಹಾಕಿದ್ದೇನೆ ಎಂದು ಅವನು ತಿಳಿದಿದ್ದ.

ಬ್ರಿಟಾಳ ಮೊದಲ ಎಸೆತಕ್ಕೆ ಕಾಲು ಗೇಣುದ್ದ ಎದ್ದಿತು. ಅಕ್ರಮ. ಎರಡನೆಯದು ಅಕ್ರಮ. ಮೂರು, ನಾಲ್ಕು. ಬ್ಯಾಟಿನವಳು ನಡೆದಳು. ಮುಂದಿನವಳಿಗೂ ಅದೇ. ಬ್ರಿಟಾ ಸೊಂಟದ ಮೇಲೆ ಕೈಯಿಟ್ಟು, ಏನು ಮಾಮ ಇದು ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೇಳಿದಳು. ಮೈದಾನದಲ್ಲಿ ನಾನು ಮಾಮ ಅಲ್ಲ ಎಂದೆ. ನಮ್ಮ ಲೀಗಿನಲ್ಲಿ, ಕೊನೆಯದೊಂದನ್ನು ಬಿಟ್ಟು, ಒಂದು ಸರದಿಗೆ ಐದೇ ರನ್ನು, ಐದಾದ ಕೂಡಲೇ ಸರದಿ ಬದಲು. ಆ ಪುಣ್ಯದಿಂದ ಎಂಟನೆಯವಳು ನಡೆಯುವ ಹೊತ್ತಿಗೆ ನಿಂತಿತು. ಒಬ್ಬಳೂ ಬ್ಯಾಟು ಬೀಸಿರಲಿಲ್ಲ.

ಹೆಡಿಯ ಸರದಿ ಬಂದಾಗ ಮೆರ್ಲ್ ತನ್ನ ಹುಡುಗಿಯರಿಗೆ ಬ್ಯಾಟನ್ನು ಭುಜದಿಂದ ಇಳಿಸಲೇಬೇಡಿ ಎಂದ, ಅಂಪೈರೇ ನಡೆಸುತ್ತಾನೆ ಎಂದ. ಹೆಡಿ ಎಸೆದಳು. ನಾನು ಕಣ್ಣು ಅವಳ ಕಾಲಿಗೇ ನೆಟ್ಟಿದ್ದೆ. ತುದಿ ಮಣ್ಣನ್ನು ಸೀಳಿಕೊಂಡು ಬಂತು, ನೇಗಿಲಿನ ಸಾಲಿನಂಥ ಗೆರೆ ಬಿತ್ತು. ಸಕ್ರಮ. ಚೆಂಡು ನೇರ; ಅಂಥ ಮೂರನ್ನು ಬೀಸದೆ ಬಿಟ್ಟರೆ ಔಟು. ನಮ್ಮ ಹುಡುಗಿಯರು ಭುಜದ ಮೇಲೆ ಬ್ಯಾಟು ಹೊತ್ತು ನಿಂತೇ ಸಾಲಾಗಿ ಔಟಾದರು. ಬೇಲಿಯ ಬಳಿ ವಟಗುಟ್ಟಲು ತಯಾರಾಗಿ ಬಂದಿದ್ದ ಮಕ್ಕಳು ಬಾಯಿ ತೆರೆದುಕೊಂಡೇ ಉಳಿದರು.

ಎರಡನೇ ಸರದಿಗೆ ಬ್ರಿಟಾ ಕುಂಟುತ್ತ ಬಂದಳು. ಅಂದು ಬೆಳಿಗ್ಗೆ ಮೆರ್ಲ್ ನನ್ನ ಅಂಗಡಿಯಿಂದಲೇ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಒಯ್ದಿದ್ದ, ಮೀನು ಹಿಡಿಯಲು ಹೋಗುವುದಕ್ಕಿರಬಹುದು ಎಂದುಕೊಂಡಿದ್ದೆ. ಈಗ ಅವು ಮಗಳ ಕಾಲುಚೀಲದಲ್ಲಿದ್ದವು. ಕಾಲು ನೆಲ ಬಿಡಲಿಲ್ಲ, ನಿಜ. ಚೆಂಡೂ ಅರ್ಧ ದಾರಿಗಿಂತ ಮುಂದೆ ಹೋಗಲಿಲ್ಲ. ಮತ್ತೆ ಐದು ರನ್ನು. ಮೂರನೇ ಸರದಿಗೆ ಬೇರೆ ಬೇರೆ ನಾಲ್ಕು ಹುಡುಗಿಯರು ಬಂದು ಕುಪ್ಪಳಿಸಿ ಹೋದರು. ಇನ್ನೂ ಐದು, ಒಟ್ಟು ಹದಿನೈದು; ಹೆಡಿಯೆದುರು ನಮ್ಮದು ಇನ್ನೂ ಸೊನ್ನೆ. ಅಪ್ಪಂದಿರು ಬೇಲಿಯ ಬುಡದಲ್ಲಿ ಹೊಟ್ಟೆಯ ಮೇಲೆ ಮಲಗಿ ದುರ್ಬೀನಿನಲ್ಲಿ ಕಾಲು ನೋಡುತ್ತಿದ್ದರು. ಒಬ್ಬ ಅಜ್ಜಿ ತಿನ್ನುತ್ತಿದ್ದ ಜೋಳದ ತೆನೆಯನ್ನು ನನ್ನತ್ತ ಎಸೆದಳು, ಆಮೇಲೆ ಉಪ್ಪು ಜಾಸ್ತಿಯಾಗಿತ್ತು ಎಂದು ಸಮಜಾಯಿಷಿ ಕೊಟ್ಟಳು. ನನ್ನ ಎಡಗೈ ಚಾಚಿ ಚಾಚಿ ಮರಗಟ್ಟಿ, ಇಳಿಸಲು ಬಾರದೆ ಹಾಗೇ ನಿಂತುಬಿಟ್ಟಿತ್ತು. ಆರ್ಲೋ ಅದಕ್ಕೆ ತನ್ನ ನೀರಿನ ಬಾಟಲಿ ನೇತುಹಾಕಿದ.

ನಾಲ್ಕನೇ ಸರದಿಗೆ ಮೊದಲು ಮೆರ್ಲ್ ರಬ್ಬರ್ ಪೈಪು ಎಳೆದು ತಂದು, ಧೂಳು ಜಾಸ್ತಿ ಎಂಬ ನೆಪ ಹೇಳಿ, ಪಿಚರ್ ನಿಲ್ಲುವ ಜಾಗವನ್ನು ಗದ್ದೆ ಮಾಡಿದ. ಧೂಳಿಗೆ ನೀರು ಹಾಕಬಾರದೆಂದು ಎಲ್ಲೂ ಬರೆದಿಲ್ಲ. ಬ್ರಿಟಾ ಎಸೆದಳು. ಕೆಸರು ಅವಳ ಶೂವನ್ನು ಗಪ್ಪೆಂದು ಹಿಡಿಯಿತು, ಕಾಲುಚೀಲದ ಕಾಲು ಮಾತ್ರ ಗಾಳಿಗೆ ಹಾರಿತು. ಶೂ ನೆಲದಲ್ಲಿ, ಕಾಲು ಆಕಾಶದಲ್ಲಿ.

ನಾನು ಅಕ್ರಮ ಎಂದೆ. ಮೆರ್ಲ್ ಪುಸ್ತಕ ಹಿಡಿದು ಓಡಿಬಂದ. ಆಟಗಾರ್ತಿ ತೊಟ್ಟ ಉಡುಪೆಲ್ಲ ಆಟಗಾರ್ತಿಯ ಅಂಗವೇ ಎಂದು ಅದರಲ್ಲಿದೆ, ಆದ್ದರಿಂದ ಅವಳ ಅಂಗ ನೆಲದಲ್ಲೇ ಇದೆ ಎಂದು ವಾದಿಸಿದ. ಆರ್ಲೋ ಹಾಗಾದರೆ ಕಳಚಿದ ಶೂ ಯಾರ ಅಂಗ ಎಂದು ಕೇಳಿದ. ಇಪ್ಪತ್ತು ನಿಮಿಷ ಕಳೆಯಿತು. ಕೊನೆಗೆ ರಾಜ್ಯದ ಅಂಪೈರುಗಳ ಮುಖ್ಯಸ್ಥನಿಗೆ ಫೋನು ಮಾಡಿದೆವು. ಅವನು ಹುಲ್ಲು ಕತ್ತರಿಸುವ ಯಂತ್ರದ ಮೇಲಿದ್ದ. ಯಂತ್ರ ನಿಲ್ಲಿಸದೆಯೇ ಎಲ್ಲ ಕೇಳಿಸಿಕೊಂಡು, ಶೂ ನೆಲದಲ್ಲಿದ್ದರೆ ಸಕ್ರಮ, ಇನ್ನು ಫೋನು ಮಾಡಬೇಡಿ ಎಂದ.

ಅದೇ ತೀರ್ಪು. ಪ್ರತಿ ಎಸೆತಕ್ಕೂ ಬ್ರಿಟಾ ಶೂವಿನಿಂದ ಹೊರಗೆ ಹಾರುವುದು, ಮೆರ್ಲ್ ಬಂದು ಚಮಚದಲ್ಲಿ ಶೂ ಅಗೆದು ಕೊಡುವುದು, ಅವಳು ಮತ್ತೆ ಕಾಲು ತೂರಿಸುವುದು. ಲಾರ್ಚ್ ಹಿಲ್‌ನ ಹುಡುಗಿಯರಿಗೆ ಅಷ್ಟು ಹೊತ್ತಿಗೆ ಬ್ಯಾಟು ಬೀಸುವುದೇ ಮರೆತುಹೋಗಿತ್ತು. ನಾಲ್ಕು, ಐದು ಎರಡು ಸರದಿಗೂ ಅವರಿಗೆ ಸೊನ್ನೆ.

ಹೆಡಿ ಎಸೆಯಬೇಕಾದದ್ದೂ ಅದೇ ಕೆಸರಿನಲ್ಲಿ. ಕಾಲೆಳೆಯುವವಳಿಗೆ ಕೆಸರು ಶಿಕ್ಷೆ. ಒಂದೊಂದು ಎಸೆತಕ್ಕೂ ಒಂದು ಮಕ್ಕರಿ ಮಣ್ಣು ಎಳೆದುಕೊಂಡು ಬರಬೇಕಿತ್ತು. ಚೆಂಡು ದಿಕ್ಕು ತಪ್ಪಿತು, ನಮ್ಮವರು ಪುಕ್ಕಟೆ ನಡೆಯತೊಡಗಿದರು, ನಾಲ್ಕನೇ ಸರದಿಗೆ ಐದು ರನ್ನು ಬಂತು. ಅವಳ ಕೋಚಮ್ಮ ಬಂದು, ನೀನೂ ಲೇಸು ಸಡಿಲ ಮಾಡಿಕೋ, ಈಗ ಅದು ಸಕ್ರಮ ಎಂದಳು. ಹೆಡಿ ಬಗ್ಗಿ ಲೇಸನ್ನು ಇನ್ನೊಂದು ಗಂಟು ಬಿಗಿದಳು.

“ಬೇಡ ಮೇಡಂ. ನನ್ನ ಕಾಲು ಶೂ ಒಳಗೇ ಇರತ್ತೆ.”

ಜಾಲರಿಯ ಹಿಂದೆ ಇದ್ದದ್ದು ಒಳ್ಳೆಯದಾಯಿತು. ನನ್ನ ಕಣ್ಣು ತುಂಬಿತ್ತು.

ಐದನೆಯ ಮತ್ತು ಕೊನೆಯ ಸರದಿ. ರನ್ನಿಗೆ ಮಿತಿಯಿಲ್ಲದ್ದರಿಂದ ನಮ್ಮವರು ನಡೆದೂ ನಡೆದೂ ಇನ್ನೂ ಹತ್ತು ಗಳಿಸಿ ಹದಿನೈದಕ್ಕೆ ಹದಿನೈದು ಸಮ ಮಾಡಿದ್ದರು. ಬೇಸುಗಳು ತುಂಬಿದ್ದವು, ಮೂರು ಕೆಟ್ಟ ಎಸೆತ ಆಗಿತ್ತು. ಜೂನಿನ ಸಂಜೆಯೇ ಮತ್ತೆ ಬಂದು ನನ್ನ ಮುಂದೆ ನಿಂತಂತಿತ್ತು. ಬ್ಯಾಟು ಹಿಡಿದವಳು ಬ್ರಿಟಾ, ಒಂದು ಕಾಲಿಗೆ ಶೂ, ಒಂದಕ್ಕೆ ಕೆಸರಿನ ಕಾಲುಚೀಲ. ಮೆರ್ಲ್ ಸಹ ಕೂಗುತ್ತಿರಲಿಲ್ಲ. ದೇವರೇ, ಈ ಹೆಡಿಯ ಕಾಲು ನೆಲದಲ್ಲಿರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಯಾರ ಕಾಲಿಗೂ ಹಾಗೆ ಬೇಡಿಕೊಂಡಿರಲಿಲ್ಲ.

ಹೆಡಿ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದಳು. ಚೆಂಡು ನೇರವಾಗಿ, ಚೆಂದವಾಗಿ ಬಂತು, ಬ್ರಿಟಾ ಬೀಸಲಿಲ್ಲ. ಆದರೆ ಹೆಡಿಯ ಕಾಲು ಶೂ ಸಮೇತ ಕೆಸರಿನಿಂದ ಬಿಡಿಸಿಕೊಂಡು ಎದ್ದಿತ್ತು. ಎರಡು ಬೆರಳು, ಹೆಚ್ಚಿಲ್ಲ.

ನನ್ನ ಕೈ ಹೇಗೂ ಚಾಚಿಕೊಂಡೇ ಇತ್ತು. ಬಾಟಲಿ ತೆಗೆದು ಕೆಳಗಿಟ್ಟು, ಮುಷ್ಟಿ ಕಟ್ಟಿ, ಅಕ್ರಮ ಎಂದೆ.

ನಮ್ಮವರು ಗೆದ್ದರು. ಕುಣಿದವರು ಕಡಿಮೆ. ಬ್ರಿಟಾ ಮೊದಲ ಬೇಸಿಗೆ ಕುಂಟುತ್ತ ನಡೆದಳು, ಮೂರನೇ ಬೇಸಿನಲ್ಲಿದ್ದವಳು ಮನೆಗೆ ಬಂದಳು. ಬೇಲಿಯ ಹತ್ತಿರ ಒಬ್ಬ ಸಣ್ಣ ಪೋರ ಒಮ್ಮೆ ವಟರ್ ಎಂದ. ಹೆಡಿ ಕೆಸರು ತುಳಿಯುತ್ತ ನೇರವಾಗಿ ನನ್ನ ಹತ್ತಿರ ಬಂದಳು. ಅಳುತ್ತಿರಲಿಲ್ಲ.

“ಎದ್ದಿತ್ತು ಅಲ್ವಾ ಸರ್?”

“ಎದ್ದಿತ್ತು. ಎರಡು ಬೆರಳಷ್ಟು.”

“ನಂಗೂ ಗೊತ್ತಾಯ್ತು,” ಎಂದಳು. ಬಗ್ಗಿ ಶೂ ತುದಿಯ ಕೆಸರನ್ನು ಬೆರಳಿನಿಂದ ಒರೆಸಿದಳು. “ಅವತ್ತು?”

ಬ್ರಿಟಾಳ ಕಾಲು, ಅವಳ ಬದಲಿಗೆ ಬಂದವರ ಕಾಲು, ಆ ಸಂಜೆ ಎದ್ದ ಎಲ್ಲರ ಕಾಲೂ ನನಗೆ ನೆನಪಿತ್ತು. ಜೂನಿನ ಆ ಒಂದು ಎಸೆತವನ್ನು ಎಷ್ಟು ನೆನೆಸಿಕೊಂಡರೂ ಕಾಣುತ್ತಿದ್ದದ್ದು ಮೆರ್ಲ್‌ನ ತೆರೆದ ಬಾಯಿ ಮಾತ್ರ.

“ಅವತ್ತು ನಾನು ನಿನ್ನ ಕಾಲು ನೋಡ್ಲೇ ಇಲ್ಲ ಮಗೂ,” ಎಂದೆ.

ಅವಳು ಬೇಲಿಯ ಕಡೆ ತಿರುಗಿದಳು. ಅಲ್ಲಿ ಇಡೀ ಗ್ರೂನ್‌ಡೇಲ್ ನಿಂತಿತ್ತು, ನನ್ನ ಹೆಂಡತಿಯೂ ಇದ್ದಳು.

“ಅಕ್ರಮ ಅನ್ನೋವಾಗ ಎಷ್ಟು ಜೋರಾಗಿ ಕೂಗಿದ್ರೋ,” ಎಂದಳು ಹೆಡಿ, “ಇದನ್ನೂ ಅಷ್ಟೇ ಜೋರಾಗಿ ಹೇಳಿ.”

ನಾನು ಜಾಲರಿ ಬಿಚ್ಚಿದೆ. ಮರಗಟ್ಟಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿ, ಜನರ ಕಡೆ ಮುಖ ಮಾಡಿ, ಅಷ್ಟೇ ಜೋರಾಗಿ ಕೂಗಿ ಹೇಳಿದೆ.