ತುಂಬೆ ಹೂವಿನ ನೊಣ

ಯುದ್ಧದ ಕಾಲ. ಕಬ್ಬಿನ ಇಲಾಖೆಯ ಹೊನ್ನಯ್ಯನ ಕಣ್ಣಿಗೆ ಮಂಡ್ಯದ ಕಚೇರಿಯಲ್ಲಿ ಕೂತವರೆಲ್ಲ ಹೆಡ್ಡರೇ. ಅದರಲ್ಲಿ ಸಾಹೇಬ ರಾಮಲಿಂಗಯ್ಯನವರದ್ದು ಎತ್ತಿದ ಕೈ. ಗದ್ದೆಗೆ ಕಾಲಿಡದೆಯೇ, ಬದುವಿನ ಕಳೆಯೆಲ್ಲ ಸೋಮವಾರದೊಳಗೆ ಕೊಚ್ಚಬೇಕೆಂದು ಹುಕುಂ ಹೊರಡಿಸಿದ ಪುಣ್ಯಾತ್ಮ!

ಮದ್ದೂರಿನ ಹತ್ತಿರ ವಿಧವೆ ಚಿಕ್ಕಬೋರಮ್ಮನ ಬದುವಿನ ತುಂಬ ತುಂಬೆ. ಆ ಹೂವಿಗೆ ಬೆನ್ನ ಮೇಲೆ ಮುಳ್ಳಿನಂಥ ಕೂದಲಿದ್ದ ಒಂದು ನೊಣ ಬರುತ್ತಿತ್ತು. ಅದರ ಮರಿ ಕಬ್ಬು ಕೊರೆಯುವ ಹುಳುವಿನ ಮೈಹೊಕ್ಕು ಹುಳುವನ್ನೇ ತಿಂದು ಮುಗಿಸುತ್ತದೆ. ಹೊನ್ನಯ್ಯ ಹುಳುಗಳನ್ನು ಸೀಸೆಯಲ್ಲಿಟ್ಟು ಕಣ್ಣಾರೆ ಕಂಡಿದ್ದ. ಅಕ್ಕಪಕ್ಕದ ಗದ್ದೆಗಳಲ್ಲಿ ಸುಳಿ ಒಣಗಿದರೂ ಅವಳ ಕಬ್ಬು ಹಸಿರಾಗಿತ್ತು. ತುಂಬೆ ಹೋದರೆ ನೊಣ ಹೋಯಿತು, ನೊಣ ಹೋದರೆ ಅವಳ ಬೆಳೆಯೂ ಹೋಯಿತು.

ಸೀಸೆ ಕಂಡು ಸಾಹೇಬರು ಮೂಗು ಮುಚ್ಚಿಕೊಂಡರು. "ಫೈಲಿಗೆ ನೊಣ ಅಂಟಿಸೋಕಾಗುತ್ತೇನ್ರೀ? ಫೋಟೋ ತನ್ನಿ. ಯಾವ ನೊಣ ಅಂತ ನೋಡಿ ಹೇಳ್ತೀನಿ."

ಮದುವೆ ಫೋಟೋ ತೆಗೆಯುವ ಹುಚ್ಚೀರಯ್ಯ ಸತ್ತ ನೊಣವನ್ನು ತುಂಬೆ ಹೂವಿನ ಮೇಲೆ ಕೂರಿಸಿ, ಕ್ಯಾಮೆರಾಕ್ಕೆ ಭೂತಗನ್ನಡಿ ಕಟ್ಟಿ ತೆಗೆದ. ಅವನು ಕೊಟ್ಟ ಲಕೋಟೆಯನ್ನು ಹೊನ್ನಯ್ಯ ಒಡೆಯದೆ ಸಾಹೇಬರ ಮೇಜಿನ ಮೇಲಿಟ್ಟ.

ರಾಮಲಿಂಗಯ್ಯನವರು ಫೋಟೋವನ್ನು ದಪ್ಪ ಪುಸ್ತಕದ ಪಕ್ಕಕ್ಕಿಟ್ಟು ನೋಡಿದರು. "ಹುಳು ತಿನ್ನೋ ನೊಣಕ್ಕೆ ಬೆನ್ನ ತುಂಬ ಬಿರುಗೂದಲಿರಬೇಕು. ಇದು ನುಣ್ಣಗಿದೆ. ತಿಪ್ಪೆ ನೊಣ ಕಣ್ರೀ. ಕಡಿಸಿ." ಅಲ್ಲೇ ಸಹಿಯೂ ಬಿತ್ತು. ಹೊನ್ನಯ್ಯ ಬಗ್ಗಿ ನೋಡಿದ. ನೊಣದ ಬೆನ್ನು ನಿಜಕ್ಕೂ ಬೋಳು!

ಮೈಯೆಲ್ಲ ಉರಿದುಹೋಗಿ ಸ್ಟುಡಿಯೋಗೆ ನುಗ್ಗಿದ. "ಕೂದ್ಲೆಲ್ಲ ಎಲ್ಲಿಗೋದ್ವುಲಾ?"

ಹುಚ್ಚೀರಯ್ಯ ಎದೆಯುಬ್ಬಿಸಿದ. "ನೆಗೆಟಿವ್ ಗಾಜಿನ ಪ್ಲೇಟ್ ಮ್ಯಾಲೆ ಪೆನ್ಸಿಲ್ ಆಡ್ಸಿ ಒಂದೊಂದ್ನೂ ತೆಗ್ದೆ ಕಣ್ಲಾ. ಮದ್ವೆ ಎಣ್ಣಿನ ಮೊಡ್ವೆ ತೆಗಿಯೋಕೂ ಇಷ್ಟ್ ಕಷ್ಟ ಬಿದ್ದಿಲ್ಲ."

"ಯಾವ ಮುಠ್ಠಾಳ ಏಳ್ದ ನಿಂಗೆ?"

"ನೀನೇ ಅಲ್ವೇನ್ಲಾ? ಸಾಯೇಬ್ರು ನೋಡೋದು, ಅಸಯ್ಯವಾಗಿ ಕಾಣ್ಬಾರ್ದು, ನೀಟಾಗಿ ಮಾಡ್ಕೊಡು ಅಂದೆ."

ಅಂದಿದ್ದ. ದಿನ ಬೆಳಗಾದರೆ ಯಾರನ್ನು ಹೆಡ್ಡನೆಂದು ಆಡಿಕೊಳ್ಳುತ್ತಿದ್ದನೋ ಅವರ ಕೈಲೇ ಭೇಷ್ ಅನಿಸಿಕೊಳ್ಳುವ ಚಪಲ. ಥೂ, ಇದೂ ಒಂದು ಬಾಳೇ!

ಸೀಸೆ ಹಿಡಿದು ಮತ್ತೆ ಕಚೇರಿಗೆ ಓಡಿದ. ಸಹಿಯಾದ ಫೈಲು ತಿರುಗಿ ತೆರೆಯುವುದಿಲ್ಲ ಎಂದರು ಸಾಹೇಬರು, ತಲೆಯೆತ್ತದೆ.

ಸೋಮವಾರ ಬದುವಿನ ತುಂಬೆಯೆಲ್ಲ ಕೊಚ್ಚಿ ರಾಶಿ ಬಿದ್ದಿತ್ತು. ಚಿಕ್ಕಬೋರಮ್ಮ ಕುಡುಗೋಲು ಹಿಡಿದೇ ಕೇಳಿದಳು: "ಯಾವ ಪಾಪಿ ಕಡಿಸ್ದೋನು ಇದ?"

ಸಾಹೇಬರ ಹೆಸರು ಹೊನ್ನಯ್ಯನ ನಾಲಗೆ ತುದಿಗೆ ಬಂತು. ನುಂಗಿಕೊಂಡ.

"ನಾನೇ ಕಣಮ್ಮ" ಅಂದ.