ಸೋತವರ ಕೆನ್ನೆ

ಟೈಲರ್ ಅಂಗಡಿಯ ಬಾಗಿಲ ಪಕ್ಕ ಒಂದು ಕರಿಹಲಗೆ. ದಿನಾ ಬೆಳಿಗ್ಗೆ ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ಒಂದು ಪದ, ಅದರ ಅರ್ಥ, ಒಂದಿಷ್ಟು ವ್ಯಾಕರಣ, ಚರಿತ್ರೆಯದೊಂದು ಸಂಗತಿ, ಲೋಕಜ್ಞಾನದ್ದೊಂದು ಚೂರು. ಅಂಬುಧಿ ಎಂದರೆ ಸಮುದ್ರ. ಊರೂರು ಎಂಬುದು ಲೋಪಸಂಧಿ. ನೂರು ವರ್ಷಗಳ ಯುದ್ಧ ನಡೆದದ್ದು ನೂರಾ ಹದಿನಾರು ವರ್ಷ. ಪ್ಯಾಂಟಿನ ಅಳತೆ ಕೊಡಲು ಬಂದವರು ನಿಂತು ಓದಿ, ತಲೆದೂಗಿ, ಟೈಲರನನ್ನು ‘ಮೇಷ್ಟ್ರೇ’ ಎಂದು ಕರೆದು ಹೋಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಸಾಕು, ಅವನ ಎದೆ ಎರಡಿಂಚು ಉಬ್ಬುತ್ತಿತ್ತು. ಟೇಪು ಕೊರಳಲ್ಲೇ ಇರುತ್ತಿತ್ತು, ಬೇಕಾದವರು ಅಳೆದು ನೋಡಬಹುದಿತ್ತು.

ಆ ಹಲಗೆಗೊಂದು ಕಾನೂನು. ನಿನ್ನೆ ಬರೆದದ್ದನ್ನು ಇವತ್ತು ಕೇಳಬೇಕು. ಇಬ್ಬರನ್ನು ಎದುರುಬದುರು ನಿಲ್ಲಿಸಿ ಕೇಳಬೇಕು. ಗೊತ್ತಿದ್ದವರು ಗೊತ್ತಿಲ್ಲದವರ ಕೆನ್ನೆಗೆ ಬಾರಿಸಬೇಕು. ತಾನು ಯಾರ ಮೈಮೇಲೂ ಕೈ ಮಾಡುವವನಲ್ಲ ಎಂದು ಮೇಷ್ಟ್ರು ಕಂಡಕಂಡವರ ಹತ್ತಿರ ಹೇಳಿಕೊಳ್ಳುತ್ತಿದ್ದ. ಬಾರಿಸಲು ಬೇರೆಯವರ ಕೈ ಇರುವಾಗ ತನ್ನದನ್ನೇಕೆ ನೋಯಿಸಿಕೊಳ್ಳುತ್ತಾನೆ! ಮೊದಮೊದಲು ಅಂಗಡಿಯ ಇಬ್ಬರು ಕೆಲಸಗಾರರು ಹೀಗೆ ಹೊಡೆದಾಡಿಕೊಂಡರು. ಒಂದು ದಿನ ಒಬ್ಬನ ಕಿವಿಯಿಂದ ರಕ್ತ ಸೋರಿತು. ಇಬ್ಬರೂ ಕತ್ತರಿ ಕೆಳಗಿಟ್ಟು ಹೊರಟುಹೋದರು. ಆಮೇಲೆ ಗುಂಡಿ, ಕಾಜಾ ಹೊಲಿಯಲು ಹೆಂಡತಿ ಬಂದು ಕೂತಳು. ಮಗಳು ಪುಟ್ಟಿಗೆ ಓದಲು ಬಂದ ಮೇಲೆ ಜೋಡಿಯೂ ಸಿಕ್ಕಿತು.

ಮೊದಲ ದಿನ ಹೆಂಡತಿ ಸರಿಯಾಗಿ ಹೇಳಿದಳು, ಪುಟ್ಟಿ ತಡವರಿಸಿದಳು. ಹೊಡಿ ಎಂದ. ತಾಯಿ ಮಗಳ ಕೆನ್ನೆಯನ್ನು ಸುಮ್ಮನೆ ಸವರಿದಳು. ಅಂಗಡಿಯಲ್ಲಿ ಕೂತಿದ್ದ ಗಿರಾಕಿಗಳು ನಕ್ಕರು. ಮೇಷ್ಟ್ರಿಗೆ ಅವಮಾನವಾಯಿತು. ಹೇಗೆ ಹೊಡೆಯಬೇಕೆಂದು ತೋರಿಸುತ್ತೇನೆ ನೋಡು ಎಂದು ತಾನೇ ಬೀಸಿದ. ಪುಟ್ಟಿಯ ತುಟಿ ಒಡೆಯಿತು, ಅಲುಗಾಡುತ್ತಿದ್ದ ಹಾಲುಹಲ್ಲು ರಕ್ತದ ಜೊತೆ ನೆಲಕ್ಕೆ ಬಿತ್ತು. ಗಿರಾಕಿಗಳು ನಗು ನಿಲ್ಲಿಸಿ ಬಟ್ಟೆ ಯಾವಾಗ ಸಿಗುತ್ತದೆ ಎಂದು ವಿಚಾರಿಸಿದರು.

ಅವತ್ತಿನಿಂದ ತಾಯಿ ಸೋಲತೊಡಗಿದಳು. ರಾತ್ರಿ ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಹಲಗೆಯಲ್ಲಿದ್ದದ್ದನ್ನೆಲ್ಲ ಕಥೆ ಮಾಡಿ ಬಾಯಿಪಾಠ ಮಾಡಿಸುತ್ತಿದ್ದಳು. ಬೆಳಗಾದರೆ ತಾನು ಮಾತ್ರ ಬೆಪ್ಪಿಯಂತೆ ನಿಂತು ಅಂಬುಧಿ ಎಂದರೆ ಆಕಾಶ ಎನ್ನುತ್ತಿದ್ದಳು. ರಾತ್ರಿ ಹೇಳಿಕೊಟ್ಟದ್ದು ಬೆಳಿಗ್ಗೆ ಮರೆತುಹೋಗುತ್ತದೆ, ಅಮ್ಮನ ತಲೆ ಅಷ್ಟೇ ಎಂದು ಮಗಳಿಗೂ ನಂಬಿಸಿದ್ದಳು. ಮಗಳ ಕೆನ್ನೆ ಉಳಿದರೆ ಸಾಕು, ತನ್ನದಕ್ಕೇನು, ಬಾತರೆ ಇಳಿಯುತ್ತದೆ ಎಂಬುದು ಅವಳ ಲೆಕ್ಕ.

ಮೊದಲ ಏಟು ಹೊಡೆಯುವಾಗ ಪುಟ್ಟಿ ಅತ್ತಿದ್ದಳು. ಜೋರಾಗಿ, ಇನ್ನೂ ಜೋರಾಗಿ ಎಂದು ಅಪ್ಪ ಹುರಿದುಂಬಿಸಿದ. ಬರಬರುತ್ತಾ ಅಳು ನಿಂತಿತು. ಅಪ್ಪ ಬೆನ್ನು ತಟ್ಟುತ್ತಿದ್ದ, ಗಿರಾಕಿಗಳು ಭಲೇ ಎನ್ನುತ್ತಿದ್ದರು, ಕೈಗೂ ಒಂದು ರೂಢಿ ಬಂತು. ಒಂದು ಬೆಳಿಗ್ಗೆ ತಾಯಿಯ ಕಿವಿಯಲ್ಲಿ ಗುಂಯ್ ಎಂದದ್ದು ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಮಗಳು ಚೆನ್ನಾಗಿ ಕಲಿಯುತ್ತಿದ್ದಾಳೆ ಎಂದು ಅವಳು ಒಳಗೊಳಗೇ ಸಮಾಧಾನ ಮಾಡಿಕೊಂಡಳು. ಹುಚ್ಚಿ.

ಅಪ್ಪ ಅಂಗಡಿಯ ಬಾಗಿಲು ತೆಗೆಯಲು ಹೋಗಿದ್ದಾಗ ಒಂದು ದಿನ, ಅಂಗಡಿಗೆ ಅಂಟಿಕೊಂಡ ಅಡುಗೆಮನೆಯಲ್ಲಿ ಅದು ನಡೆಯಿತು. ತಾಯಿ ಹಾಲು ಕಾಯಿಸುತ್ತಿದ್ದಳು. ಯಾರೂ ಹೇಳದೆ, ಯಾರೂ ಕೇಳದೆ ಪುಟ್ಟಿ ಎದುರು ಬಂದು ನಿಂತಳು.

“ಅಮ್ಮಾ, ಆಕ್ಟೋಪಸ್‌ಗೆ ಎಷ್ಟು ಹೃದಯ?”

ಕೇಳುತ್ತಲೇ ಮಗಳ ಬಲಗೈ ಮೇಲೆದ್ದಿತ್ತು. ಕಣ್ಣಲ್ಲಿ ಅಂಗಡಿಯಲ್ಲಿ ಭಲೇ ಎನ್ನಿಸಿಕೊಳ್ಳುವಾಗಿನ ಹೊಳಪು, ತುಟಿಯ ಕೊನೆಯಲ್ಲಿ ಅಪ್ಪನದೇ ನಗು. ತಾನು ಉಳಿಸಿದ್ದೇನು, ಕಳೆದದ್ದೇನು ಎಂದು ತಾಯಿಗೆ ಆ ಕ್ಷಣದಲ್ಲಿ ಗೊತ್ತಾಗಿಹೋಯಿತು.

“ಮೂರು,” ಎಂದಳು.

ಪುಟ್ಟಿಯ ಮುಖ ಬಿಳಿಚಿಕೊಂಡಿತು. ಅಮ್ಮ ಗೆದ್ದದ್ದನ್ನು ಅವಳು ಎಷ್ಟು ದಿನದಿಂದ ಕಂಡಿರಲಿಲ್ಲ! ಅಮ್ಮ ಗೆದ್ದರೆ ಸೋತದ್ದು ತಾನೇ ಎಂದುಕೊಂಡು ಕೈ ಕೆಳಗಿಳಿಸಿದಳು. ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಒಂದು ಕಡೆ ತಿರುಗಿಸಿ, ಕೆನ್ನೆ ಮುಂದಕ್ಕೆ ಚಾಚಿದಳು.

“ಹೊಡಿ. ಕೆಂಪಾಗೋ ಹಾಗೆ ಹೊಡಿ. ಇಲ್ಲಾಂದ್ರೆ ಅಪ್ಪ ಹೊಡೀತಾರೆ.”

ತಾಯಿ ಅವಳನ್ನು ಬಾಚಿ ತಬ್ಬಿಕೊಂಡಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಆ ವಾಸನೆಗೆ ಮೇಷ್ಟ್ರು ಒಳಬಾಗಿಲಿಗೆ ಬಂದ, ಏನಾಯಿತೆಂದು ಕೇಳಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಪುಟ್ಟಿ ಅಮ್ಮ ಗೆದ್ದಳು, ಆದರೆ ಹೊಡೆಯಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅವನು ಮಗಳ ರಟ್ಟೆ ಹಿಡಿದು ಅಂಗಡಿಗೆ ದರದರ ಎಳೆದುಕೊಂಡು ಹೋದ. ಆಗಲೇ ಬೆಂಚಿನ ಮೇಲೆ ನಾಲ್ಕಾರು ಗಿರಾಕಿಗಳು ಕೂತಿದ್ದರು. ಕಾನೂನು ಎಂದರೆ ಕಾನೂನು, ಮನೆಯವರಿಗೊಂದು ಹೊರಗಿನವರಿಗೊಂದು ಇಲ್ಲ ಎಂದು ಅವರಿಗೂ ಕೇಳುವಂತೆ ಹೇಳಿ, ಪುಟ್ಟಿಯನ್ನು ಇಸ್ತ್ರಿ ಮೇಜಿನ ಪಕ್ಕ ನಿಲ್ಲಿಸಿ ಕೈ ಎತ್ತಿದ.

“ಬಿಡ್ರೀ ಅವಳನ್ನ,” ಎಂದಳು ಹಿಂದೆಯೇ ಬಂದ ಹೆಂಡತಿ.

ಅವನು ತಿರುಗಿಯೂ ನೋಡಲಿಲ್ಲ. ಅವಳು ಮೇಜಿನ ಮೇಲೆ ಕಾದು ಕೂತಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಆ ಎತ್ತಿದ ಕೈಗೆ ಅಪ್ಪಳಿಸಿದಳು. ಮಣಿಕಟ್ಟು ಲಟಕ್ಕೆಂದಿತು. ಚರ್ಮ ಚುರ್ರೆಂದಿತು. ಅವನು ಊಳಿಡುತ್ತಾ ಹೊಲಿಗೆ ಯಂತ್ರದ ಮೇಲೆ ಬಿದ್ದು, ಅದರೊಂದಿಗೇ ನೆಲಕ್ಕುರುಳಿದ. ಎರಡನೆಯ ಏಟು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಅವಳ ಕೈಯೇ ಸೋತು, ಪೆಟ್ಟಿಗೆ ದಡಾರನೆ ನೆಲಕ್ಕೆ ಬಿತ್ತು. ಸುಟ್ಟ ಚರ್ಮದ ನಾತ ಅಂಗಡಿಯನ್ನೆಲ್ಲ ತುಂಬಿತು. ಇಷ್ಟು ದಿನ ಭಲೇ ಎಂದವರೆಲ್ಲ ಚಪ್ಪಲಿ ಹುಡುಕಿಕೊಂಡು ಬೀದಿಗಿಳಿದರು.

ಅವಳಿಗೆ ಭಯವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಮಗಳೆಲ್ಲಿ ಎಂದು ನೋಡಿದಳು.

ಪುಟ್ಟಿ ಅಪ್ಪನ ತಲೆಯ ಹತ್ತಿರ ಹೋಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಬಿದ್ದವನ ಕೆನ್ನೆಯನ್ನು ಒಂದು ಸಲ ಸರಿಯಾಗಿ ನೋಡಿಕೊಂಡು ಕೈ ಎತ್ತಿದಳು.

“ಬೇಡ ಕಂದಾ,” ಎಂದು ತಾಯಿ ಆ ಪುಟ್ಟ ಕೈಯನ್ನು ಗಾಳಿಯಲ್ಲೇ ಹಿಡಿದಳು.

“ಅಪ್ಪ ಸೋತಿದ್ದಾರಲ್ಲಮ್ಮಾ.”

ತಾಯಿ ಆ ಕೈಯನ್ನು ಕೆಳಗಿಳಿಸಲು ನೋಡಿದಳು. ಅದು ಇಳಿಯಲಿಲ್ಲ. ಬೆವೆತ ಅಂಗೈ ಅಗಲವಾಗಿ ಬಿಚ್ಚಿಕೊಂಡು, ತನ್ನ ಸರದಿಗೆ ಕಾಯುತ್ತಾ, ಅವಳ ಹಿಡಿತದೊಳಗೆ ಮಿಸುಕಾಡುತ್ತಲೇ ಇತ್ತು.